ಭಾರತದಲ್ಲಿ ಗ್ರ್ಯಾನ್ ಪ್ರಿ ಮೋಟಾರು ರೇಸ್

ಗ್ರ್ಯಾನ್ ಪ್ರಿ ಮೋಟಾರು ರೇಸ್ ಎಂದರೆ ಮುಚ್ಚಿದ ಸುತ್ತುಹಾದಿಯಲ್ಲಿ, ಗೊತ್ತುಮಾಡಿದ ಲ್ಯಾಪ್‌ಗಳಿಗೆ, ಚಕ್ರಗಳು ಹೊರಗೆ ಕಾಣುವ ಒಂದೇ ಸೀಟಿನ ಕಾರುಗಳ ನಡುವೆ ನಡೆಯುವ ಅತ್ಯುನ್ನತ ದರ್ಜೆಯ ಸ್ಪರ್ಧೆ. 1906ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ಶುರುವಾದ ಈ ಪರಂಪರೆ 1950ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಆಗಿ ನೆಲೆನಿಂತಿತು. ಮೋಟಾರ್‌ಸೈಕಲ್ಲುಗಳ ವಿಶ್ವ ಚಾಂಪಿಯನ್‌ಷಿಪ್‌ನ ಸುತ್ತುಗಳಿಗೂ ಇದೇ ಹೆಸರಿದೆ. ಭಾರತದಲ್ಲಿ ಫಾರ್ಮುಲಾ ಒನ್ ಗ್ರ್ಯಾನ್ ಪ್ರಿ 2011, 2012 ಮತ್ತು 2013ರಲ್ಲಿ ನಡೆದಿದೆ. ವಿದ್ಯುತ್ ಕಾರುಗಳ ಫಾರ್ಮುಲಾ ಇ ಮತ್ತು ಬೈಕುಗಳ ಮೋಟೊ ಜಿಪಿ 2023ರಲ್ಲಿ ಒಂದೊಂದು ಸಲ ಬಂದುಹೋಗಿವೆ. ಈ ಲೇಖನದಲ್ಲಿ ‘ಟ್ರ್ಯಾಕ್’ ಎಂದಾಗ ರೇಸಿಗಾಗಿಯೇ ಕಟ್ಟಿದ ಖಾಯಂ ಹಾದಿ ಎಂದೂ, ‘ಬೀದಿ ಟ್ರ್ಯಾಕ್’ ಎಂದಾಗ ಊರಿನ ರಸ್ತೆಯನ್ನೇ ಕೆಲವು ದಿನ ಮುಚ್ಚಿ ರೂಪಿಸಿದ ಹಾದಿ ಎಂದೂ ತಿಳಿಯಬೇಕು. ರ‍್ಯಾಲಿ, ಮೋಟೊಕ್ರಾಸ್, ಡ್ರ್ಯಾಗ್ ರೇಸುಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟು ದೊಡ್ಡ ವಾಹನೋದ್ಯಮ, ಎರಡು ತಲೆಮಾರಿನ ಸಮರ್ಥ ಚಾಲಕರು ಮತ್ತು ಸ್ವಂತದ ಒಂದು ಫಾರ್ಮುಲಾ ಒನ್ ತಂಡ ಇದ್ದೂ ಈ ದೇಶದಲ್ಲಿ ಗ್ರ್ಯಾನ್ ಪ್ರಿ ಏಕೆ ಮೂರೇ ವರ್ಷಕ್ಕೆ ನಿಂತಿತು ಎಂಬುದು ಇದರ ಚರಿತ್ರೆಯ ಮುಖ್ಯ ಪ್ರಶ್ನೆ. ಕ್ರಿಕೆಟ್ಟಿನ ಹುಚ್ಚು, ಬಡತನ, ತೆರಿಗೆ ಎಂಬ ಉತ್ತರಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ದಾಖಲೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಅವುಗಳಿಗಿಂತ ಆಳದ ಒಂದು ಕಾರಣ ಕಾಣುತ್ತದೆ: ರೇಸ್ ನಡೆಯುವ ನೆಲ ಯಾರದು, ಎಷ್ಟು ಕಾಲಕ್ಕೆ, ಯಾವ ಕರಾರಿನ ಮೇಲೆ ಎಂಬುದು. ನೆಲ ರೇಸಿನವರದೇ ಆಗಿದ್ದ ಕಡೆ ಆಟ ಉಳಿದಿದೆ. ಎರವಲು ನೆಲದಲ್ಲಿ ನಡೆದ ಕಡೆ, ಎರವಲು ಕೊಟ್ಟವರ ಸ್ಥಿತಿ ಬದಲಾದಾಗ ನಿಂತಿದೆ. ಮುಂಬಯಿಗೆ ಹೊಂದಿದ ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿ ಪ್ರದೇಶದಲ್ಲಿ ಒಂದೂ ಖಾಯಂ ಟ್ರ್ಯಾಕ್ ಇಲ್ಲದಿರುವುದಕ್ಕೂ, 2025ರಲ್ಲಿ ನವಿಮುಂಬಯಿಯ ನೆರೂಳ್‌ನ ಬೀದಿಯಲ್ಲಿ ರೇಸ್ ನಡೆಸುವ ಯೋಜನೆ ಹುಟ್ಟಿದ್ದಕ್ಕೂ ಇದೇ ಕಾರಣ.

ಆರಂಭ

1904ರ ಡಿಸೆಂಬರಿನಲ್ಲಿ ದೆಹಲಿಯಿಂದ ಮುಂಬಯಿಗೆ ಮೋಟಾರು ಗಾಡಿಗಳ ಒಂದು ಪರೀಕ್ಷಾ ಓಟ ನಡೆಯಿತು. ಗಾಡಿ ಇಷ್ಟು ದೂರ ಕೆಡದೆ ಬರುತ್ತದೆಯೇ ಎಂದು ನೋಡುವುದೇ ಅದರ ಉದ್ದೇಶವಾಗಿದ್ದರಿಂದ ಅದನ್ನು ರೇಸ್ ಎನ್ನಲಾಗದು. ಸುತ್ತುಹಾದಿಯ ನಿಜವಾದ ರೇಸ್ ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ. ಯುದ್ಧಕ್ಕಾಗಿ ಹಾಸಿದ್ದ ಏರ್‌ಸ್ಟ್ರಿಪ್‌ಗಳು ಆಗ ಖಾಲಿ ಬಿದ್ದಿದ್ದವು. ಮದರಾಸಿನ ಉತ್ತರಕ್ಕಿರುವ ಷೋಲಾವರಂ, ಕಲ್ಕತ್ತೆಯ ಹತ್ತಿರದ ಬ್ಯಾರಕ್‌ಪುರ ಇವುಗಳಲ್ಲಿ ಮುಖ್ಯವಾದವು. ಮುಂಬಯಿಯಲ್ಲಿ ಜುಹು ವಿಮಾನನೆಲೆಯ ಮೇಲೂ ಕಾರುಗಳು ಓಡಿದವು. 1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ತಂದು ಇಳಿದದ್ದು ಇದೇ ನೆಲದ ಮೇಲೆ. ಅಗಲವಾದ ಗಟ್ಟಿ ಹಾಸು, ಸುತ್ತ ಊರಿಲ್ಲದ ಬಯಲು, ಜನ ನಿಂತು ನೋಡಲು ಜಾಗ ಎಲ್ಲವೂ ಏರ್‌ಸ್ಟ್ರಿಪ್ಪಿನಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. 1950ರ ದಶಕದಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಷೋಲಾವರಂನಲ್ಲಿ ಶುರುಮಾಡಿದ ರೇಸುಗಳು ಮೂರು ದಶಕಕ್ಕೂ ಹೆಚ್ಚು ಕಾಲ ನಡೆದು, ಗೊಂಡಲ್‌ನ ಮಹಾರಾಜರಂಥ ಶ್ರೀಮಂತ ಚಾಲಕರಿಂದ ಹಿಡಿದು ಗ್ಯಾರೇಜಿನ ಮೆಕ್ಯಾನಿಕ್‌ಗಳವರೆಗೆ ಎಲ್ಲರನ್ನೂ ಒಂದೆಡೆ ಸೇರಿಸಿದವು. 1980ರ ದಶಕದ ಆರಂಭದಲ್ಲಿ ಉದ್ಯಮಿ ವಿಜಯ್ ಮಲ್ಯ ತಾವು ಕೊಂಡು ತಂದ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದು ಇಲ್ಲಿಯೇ.

ಆದರೆ ಏರ್‌ಸ್ಟ್ರಿಪ್ ಕ್ಲಬ್ಬಿನ ಆಸ್ತಿಯಾಗಿರಲಿಲ್ಲ. ಅನುಮತಿ ಸಿಕ್ಕ ದಿನಗಳಲ್ಲಿ ಮಾತ್ರ ಓಡಿಸಬೇಕು, ಮುಗಿದ ಮೇಲೆ ಎಲ್ಲ ಎತ್ತಿಕೊಂಡು ಹೊರಡಬೇಕು. ಹೀಗಾಗಿ ಖಾಯಂ ಪಿಟ್, ತಡೆಗೋಡೆ, ಆಸ್ಪತ್ರೆ, ವರ್ಷವಿಡೀ ಅಭ್ಯಾಸ ಯಾವುದೂ ಬೆಳೆಯಲಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಯುದ್ಧಕಾಲದ ವಿಮಾನನೆಲೆಯೇ ಆಗಿತ್ತು. 1950ರ ಮೊದಲ ವಿಶ್ವ ಚಾಂಪಿಯನ್‌ಷಿಪ್ ರೇಸ್ ಅಲ್ಲಿ ನಡೆಯಿತು. ಮುಂದೆ ಆ ನೆಲ ಚಾಲಕರ ಕ್ಲಬ್ಬಿನ ಕೈಗೆ ಬಂದು ಇಂದಿಗೂ ಗ್ರ್ಯಾನ್ ಪ್ರಿ ನಡೆಯುತ್ತಿದೆ. ಹುಟ್ಟಿನಲ್ಲಿ ಷೋಲಾವರಂಗೂ ಸಿಲ್ವರ್‌ಸ್ಟೋನ್‌ಗೂ ಹೆಚ್ಚು ಅಂತರವಿರಲಿಲ್ಲ. ಮುಂದಿನ ಅಂತರದಲ್ಲಿ ನೆಲದ ಒಡೆತನದ ಪಾಲು ದೊಡ್ಡದು.

ಕಾರುಗಳು

ಸ್ವಾತಂತ್ರ್ಯಾನಂತರದ ಆಮದು ನಿರ್ಬಂಧಗಳಿಂದಾಗಿ ವಿದೇಶಿ ರೇಸ್ ಕಾರುಗಳು ಅಪರೂಪವಾದವು. ಹಿಂದೂಸ್ತಾನ್ ಮೋಟಾರ್ಸ್, ಪ್ರೀಮಿಯರ್ ಆಟೊಮೊಬೈಲ್ಸ್ ಮತ್ತು ಸ್ಟ್ಯಾಂಡರ್ಡ್ ಈ ಮೂರು ಕಂಪನಿಗಳ ಕಾರುಗಳನ್ನೇ ಬಿಚ್ಚಿ, ಹಗುರ ಮಾಡಿ, ಎಂಜಿನ್ ತಿದ್ದಿ ಓಡಿಸುವುದು ರೂಢಿಯಾಯಿತು. ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರು, ಸಲೂನ್ ದರ್ಜೆಯ ರೇಸುಗಳ ಬೆನ್ನೆಲುಬಾಗಿತ್ತು. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯ ಮುಖ್ಯ ಕಾರ್ಖಾನೆ ಮುಂಬಯಿಯ ಕುರ್ಲಾದಲ್ಲಿತ್ತು. ಇನ್ನೊಂದು ಡೊಂಬಿವಲಿ–ಕಲ್ಯಾಣ್ ಭಾಗದಲ್ಲಿತ್ತು. 1990ರ ದಶಕದ ಮಧ್ಯದಲ್ಲಿ ಫ್ರೆಂಚ್ ಕಂಪನಿ ಪ್ಯೂಜೊ ಜೊತೆಗೂಡಿ 309 ಮಾದರಿಯ ಕಾರುಗಳನ್ನು ಜೋಡಿಸಿದ್ದು ಈ ಎರಡನೆಯ ಕಾರ್ಖಾನೆಯಲ್ಲಿ. ರ‍್ಯಾಲಿ ಮತ್ತು ರೇಸ್ ಎರಡರಲ್ಲೂ ಹೆಸರು ಮಾಡಿದ ಪ್ಯೂಜೊದ ಜೊತೆಗಾರಿಕೆ ಕೆಲವೇ ವರ್ಷಗಳಲ್ಲಿ ಮುರಿಯಿತು. ಮುಂದೆ ಕಲ್ಯಾಣ್–ಶೀಳ್ ರಸ್ತೆಯ ಈ ಭಾಗವೆಲ್ಲ ಎತ್ತರದ ವಸತಿ ಸಮುಚ್ಚಯಗಳ ಸಾಲಾಯಿತು. ಕಾರು ತಯಾರಿಕೆಯ ಕೌಶಲ ಇದ್ದ ಕಡೆ ರೇಸ್ ತಾನಾಗಿ ಬೆಳೆಯುತ್ತದೆ ಎಂಬ ವಾದಕ್ಕೆ ಈ ಪ್ರದೇಶ ಎದುರು ಸಾಕ್ಷಿ: ಫಿಟರ್‌ಗಳು, ಟರ್ನರ್‌ಗಳು, ಬಿಡಿಭಾಗದ ವರ್ಕ್‌ಷಾಪ್‌ಗಳು ಬೇಕಾದಷ್ಟಿದ್ದರೂ ಕಾರನ್ನು ಪರೀಕ್ಷಿಸಿ ನೋಡುವ ನೆಲ ಮಾತ್ರ ಇಲ್ಲಿ ಇರಲಿಲ್ಲ.

ಕೊಯಮತ್ತೂರಿನಲ್ಲಿ ಹೀಗಾಗಲಿಲ್ಲ. ಅಲ್ಲಿನ ಎಸ್. ಕರಿವರ್ಧನ್ ಮಾರುತಿ 800 ಕಾರಿನ ಎಂಜಿನ್ ಕೂರಿಸಿದ ಒಂದೇ ಸೀಟಿನ ರೇಸ್ ಕಾರನ್ನು ವಿನ್ಯಾಸ ಮಾಡಿ, 1988ರಲ್ಲಿ ಫಾರ್ಮುಲಾ ಮಾರುತಿ ಎಂಬ ದರ್ಜೆಗೆ ಕಾರಣರಾದರು. ಎಲ್ಲರಿಗೂ ಒಂದೇ ಬಗೆಯ, ಕೈಗೆಟಕುವ ಬೆಲೆಯ ಕಾರು ಸಿಕ್ಕಿದ್ದರಿಂದ ಹಣಕ್ಕಿಂತ ಚಾಲನೆ ಮುಖ್ಯವಾಯಿತು. ಭಾರತದ ರೇಸಿನಲ್ಲಿ ಇಷ್ಟು ದೂರದ ಪರಿಣಾಮ ಬೀರಿದ ಇನ್ನೊಂದು ತಾಂತ್ರಿಕ ಕೆಲಸ ಇಲ್ಲ ಎನ್ನಬಹುದು. ಮುಂದೆ ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ರೇಸ್ ಕಲಿತದ್ದು ಈ ದರ್ಜೆಯಲ್ಲಿ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಖಾಯಂ ಟ್ರ್ಯಾಕ್‌ಗಳು

ದೇಶದ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟ 1971ರಲ್ಲಿ ಹುಟ್ಟಿತು. ಒಕ್ಕೂಟ ನಿಯಮ ಮಾಡಬಲ್ಲದು, ಲೈಸೆನ್ಸ್ ಕೊಡಬಲ್ಲದು, ನೆಲ ಕೊಡಲಾರದು. ಆ ಕೆಲಸವನ್ನು ಮದ್ರಾಸ್ ಕ್ಲಬ್ ಮಾಡಿತು. ಷೋಲಾವರಂ ಕೈತಪ್ಪಬಹುದೆಂದು ಅರಿತು, ಶ್ರೀಪೆರಂಬದೂರಿನ ಹತ್ತಿರ ಇರುಂಗಾಟುಕೋಟೈಯಲ್ಲಿ ಸ್ವಂತ ಜಮೀನು ಮಾಡಿಕೊಂಡು 3.7 ಕಿಲೋಮೀಟರಿನ ಟ್ರ್ಯಾಕ್ ಕಟ್ಟಿತು. 1990ರಿಂದ ಅದು ಬಳಕೆಯಲ್ಲಿದೆ. ಕರಿವರ್ಧನ್ ನೆನಪಿನ 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ 2003ರಲ್ಲಿ ತೆರೆಯಿತು. ಇವೆರಡೂ ಫಾರ್ಮುಲಾ ಒನ್ ದರ್ಜೆಯವಲ್ಲ. ಆದರೂ ಸರ್ಕಾರಗಳು, ಪ್ರಾಯೋಜಕರು, ಆರ್ಥಿಕ ಏರಿಳಿತಗಳು ಬಂದುಹೋದರೂ ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ಹೆಚ್ಚಾಗಿ ಈ ಎರಡು ಕಡೆಯೇ ನಡೆದುಬಂದಿವೆ. ತಮಿಳುನಾಡು ಭಾರತದ ರೇಸಿನ ತವರಾದದ್ದಕ್ಕೆ ಅಲ್ಲಿನ ವಾಹನೋದ್ಯಮ, ಎಂ.ಆರ್.ಎಫ್. ಟೈರು ಕಂಪನಿಯ ಬೆಂಬಲ ಇವನ್ನು ಕಾರಣವಾಗಿ ಹೇಳುವುದು ಸರಿಯೇ. ಆದರೆ ಉದ್ಯಮ ಪುಣೆಯಲ್ಲೂ ಇತ್ತು, ಹಣ ಮುಂಬಯಿಯಲ್ಲಿ ಹೆಚ್ಚೇ ಇತ್ತು. ಆ ಊರುಗಳಲ್ಲಿ ಇಲ್ಲದೆ ಇಲ್ಲಿ ಇದ್ದದ್ದು ಕ್ಲಬ್ ಮತ್ತು ರೇಸ್‌ಪ್ರಿಯರ ಕೈಯಲ್ಲಿದ್ದ ಜಮೀನು.

ಕರ್ನಾಟಕದ ಸ್ಥಿತಿ ಮುಂಬಯಿಯದಕ್ಕಿಂತ ಬಹಳ ಬೇರೆಯಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ‍್ಯಾಲಿ ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಬೆಂಗಳೂರಿನಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ, ದೇಶದ ಮುಂಚೂಣಿ ಚಾಲಕರೂ ಇದ್ದಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಫಾರ್ಮುಲಾ ಒನ್ ಟ್ರ್ಯಾಕ್ ಕಟ್ಟುವ ಮಾತು 2000ದ ದಶಕದ ಮೊದಲ ವರ್ಷಗಳಲ್ಲಿ ಬಂದು, ಮಾತಾಗಿಯೇ ಉಳಿಯಿತು. ಹೈದರಾಬಾದಿನ ಯೋಜನೆ ಇನ್ನೂ ಮುಂದೆ ಹೋಗಿತ್ತು. ಚಂದ್ರಬಾಬು ನಾಯ್ಡು ಸರ್ಕಾರ 2004ರಲ್ಲಿ ಸೋತ ಮೇಲೆ ಅದೂ ಬಿದ್ದುಹೋಯಿತು.

ಚಾಲಕರು ಮತ್ತು ತಂಡಗಳು

ನಾರಾಯಣ್ ಕಾರ್ತಿಕೇಯನ್ 2005ರ ಮಾರ್ಚಿನಲ್ಲಿ ಆಸ್ಟ್ರೇಲಿಯನ್ ಗ್ರ್ಯಾನ್ ಪ್ರಿಯಲ್ಲಿ ಜೋರ್ಡಾನ್ ತಂಡದಿಂದ ಇಳಿದು ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಅದೇ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ, ಟೈರು ವಿವಾದದಿಂದ ಆರೇ ಕಾರುಗಳು ಓಡಿದ ರೇಸಿನಲ್ಲಿ, ನಾಲ್ಕನೆಯವರಾಗಿ 5 ಅಂಕ ಪಡೆದರು. ಚೆನ್ನೈನ ಕರುಣ್ ಚಂದೋಕ್ 2010ರಲ್ಲಿ ಎಚ್.ಆರ್.ಟಿ. ತಂಡದಿಂದ ಬಂದರು. ವಿಜಯ್ ಮಲ್ಯ ಮತ್ತು ಡಚ್ ಉದ್ಯಮಿ ಮಿಖಿಯೆಲ್ ಮೋಲ್ 2007ರಲ್ಲಿ ಸ್ಪೈಕರ್ ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. ತಂಡ 2008ರಲ್ಲಿ ಕಣಕ್ಕಿಳಿಯಿತು. 2009ರ ಬೆಲ್ಜಿಯನ್ ಗ್ರ್ಯಾನ್ ಪ್ರಿಯಲ್ಲಿ ಜಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾದರು. 2016 ಮತ್ತು 2017ರಲ್ಲಿ ತಂಡ ಒಟ್ಟು ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. 2018ರಲ್ಲಿ ಸಾಲದ ಹೊರೆಯಿಂದ ಕೈಬದಲಾಯಿತು. ತಂಡದ ಕಾರ್ಖಾನೆ ಇದ್ದದ್ದು ಸಿಲ್ವರ್‌ಸ್ಟೋನ್‌ನಲ್ಲಿ. ಭಾರತದ ಹೆಸರು ಹೊತ್ತ ತಂಡಕ್ಕೆ ಭಾರತದಲ್ಲಿ ನೆಲೆ ಬೇಕಾಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಈ ತಂಡ 2011ರಲ್ಲಿ ನಡೆಸಿದ ಪ್ರತಿಭಾಶೋಧದಲ್ಲಿ ಆಯ್ಕೆಯಾದ ಮೂವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಮತ್ತು ಮುಂಬಯಿಯ ಜೆಹಾನ್ ದಾರುವಾಲಾ ಇದ್ದರು. ದಾರುವಾಲಾ 2020ರ ಡಿಸೆಂಬರಿನಲ್ಲಿ ಬಹ್ರೇನಿನ ಸಖೀರ್‌ನಲ್ಲಿ ಫಾರ್ಮುಲಾ 2 ರೇಸ್ ಗೆದ್ದರು. ಅರ್ಜುನ್ ಅವರ ತಮ್ಮ ಕುಶ್ ಮೈನಿ 2024ರಲ್ಲಿ ಹಂಗೇರಿಯಲ್ಲಿ, 2025ರಲ್ಲಿ ಮೊನಾಕೊದಲ್ಲಿ ಅದೇ ದರ್ಜೆಯ ಸ್ಪ್ರಿಂಟ್ ರೇಸುಗಳನ್ನು ಗೆದ್ದಿದ್ದಾರೆ. ಮುಂಬಯಿಯ ಮಹೀಂದ್ರ ಕಂಪನಿಯ ರೇಸಿಂಗ್ ತಂಡ ಫಾರ್ಮುಲಾ ಇ ಆರಂಭವಾದ 2014ರಿಂದಲೂ ಕಣದಲ್ಲಿದೆ. 2017ರಲ್ಲಿ ಬರ್ಲಿನ್ನಿನಲ್ಲಿ ಫೆಲಿಕ್ಸ್ ರೋಸೆನ್‌ಕ್ವಿಸ್ಟ್ ಅದಕ್ಕೆ ಮೊದಲ ಗೆಲುವು ತಂದರು. ಭಾರತದಲ್ಲಿ ಈ ಆಟಕ್ಕೆ ತಕ್ಕ ಪ್ರತಿಭೆ ಇಲ್ಲ ಎಂಬ ಆಕ್ಷೇಪ ಈ ಪಟ್ಟಿಯ ಮುಂದೆ ನಿಲ್ಲದು. ಆದರೆ ಇವರೆಲ್ಲ ಹದಿಹರೆಯದಲ್ಲೇ ಯುರೋಪಿಗೆ ಹೋಗಬೇಕಾಯಿತು. ಡೊಂಬಿವಲಿಯ ಹುಡುಗನಿಗೋ ಹುಡುಗಿಗೋ ಆಸೆ ಹುಟ್ಟಿದರೆ ಕಾರ್ಟಿಂಗ್‌ಗೆ ಪುಣೆ ಅಥವಾ ಕೊಲ್ಹಾಪುರ, ಒಂದೇ ಸೀಟಿನ ಕಾರಿಗೆ ಸಾವಿರ ಕಿಲೋಮೀಟರಿಗೂ ದೂರದ ತಮಿಳುನಾಡು, ಅಲ್ಲಿಂದ ಮುಂದೆ ವಿದೇಶ. ಆ ಖರ್ಚನ್ನು ಹೊರಬಲ್ಲ ಮನೆಗಳು ಬಹಳ ಕಡಿಮೆ. ಪ್ರತಿಭೆ ಎಷ್ಟಿದೆ ಎಂದು ತೂಗುವ ಮೊದಲೇ ದಾರಿಯ ಖರ್ಚು ಆಯ್ಕೆ ಮಾಡಿಬಿಡುತ್ತದೆ.

ಭಾರತೀಯ ಗ್ರ್ಯಾನ್ ಪ್ರಿ, 2011–2013

ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದಲ್ಲಿ ಜೇಪೀ ಸಮೂಹ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್ ಕಟ್ಟಿತು. ವಿನ್ಯಾಸ ಜರ್ಮನಿಯ ಹರ್ಮನ್ ಟಿಲ್ಕೆಯವರದು, ಉದ್ದ 5.125 ಕಿಲೋಮೀಟರ್, 16 ತಿರುವುಗಳು. 2011ರ ಅಕ್ಟೋಬರ್ 30ರಂದು ಮೊದಲ ರೇಸ್ ನಡೆಯಿತು. ಸುಮಾರು 95,000 ಜನ ಬಂದಿದ್ದರು. ಸೆಬಾಸ್ಟಿಯನ್ ವೆಟಲ್ ಮೂರೂ ವರ್ಷ ಗೆದ್ದು, 2013ರಲ್ಲಿ ಇಲ್ಲಿಯೇ ತಮ್ಮ ನಾಲ್ಕನೆಯ ವಿಶ್ವ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡರು. ಐದು ವರ್ಷಕ್ಕೆಂದು ಆಗಿದ್ದ ಒಪ್ಪಂದ ಮೂರಕ್ಕೆ ನಿಂತಿತು.

ನಿಂತದ್ದಕ್ಕೆ ತೆರಿಗೆಯೇ ಕಾರಣ ಎಂಬುದು ಪ್ರಚಲಿತ ವಿವರಣೆ. ಅದಕ್ಕೆ ಆಧಾರವಿದೆ. 2009ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಫಾರ್ಮುಲಾ ಒನ್ ಅನ್ನು ಕ್ರೀಡೆಗಿಂತ ಮನರಂಜನೆ ಎಂದೇ ಕಂಡು, ವಿದೇಶಕ್ಕೆ ಶುಲ್ಕ ಕಳುಹಿಸಲು ಒಪ್ಪಿಗೆ ಕೊಡಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಟಿಕೆಟ್ ಹಣದ ಶೇ 25ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡಲು ಹೇಳಿತು. ತಂಡಗಳು ತರುವ ಕಾರು, ಎಂಜಿನ್, ಟೈರುಗಳ ಸುಂಕದ ತಕರಾರು ಪ್ರತಿವರ್ಷವೂ ಎದ್ದಿತು. ಆದರೆ ತೆರಿಗೆಯ ಈ ಜಗಳವನ್ನೇ ಬಿಡಿಸಿ ನೋಡಿದರೆ ನಡುವಿನಲ್ಲಿ ನೆಲದ ಪ್ರಶ್ನೆಯೇ ಇದೆ. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಬೇಕಾಗಿ ಬಂದದ್ದು, ರೇಸ್ ನಡೆಯುವ ದಿನಗಳಲ್ಲಿ ಆ ಟ್ರ್ಯಾಕ್ ಯಾರ ಹತೋಟಿಯಲ್ಲಿತ್ತು ಎಂಬುದನ್ನು. ಕಟ್ಟಿದ್ದು ಜೇಪೀ ಆದರೂ ಆ ದಿನಗಳಲ್ಲಿ ಅದು ಫಾರ್ಮುಲಾ ಒನ್ ಕಂಪನಿಯ ಸ್ಥಿರ ವ್ಯವಹಾರ ಸ್ಥಳವಾಗಿತ್ತು, ಆದ್ದರಿಂದ ಆದಾಯಕ್ಕೆ ಇಲ್ಲಿ ತೆರಿಗೆ ಕಟ್ಟಬೇಕು ಎಂದು ನ್ಯಾಯಾಲಯ ಹೇಳಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ: ಬುದ್ಧ ಟ್ರ್ಯಾಕ್ ಎರವಲು ಏರ್‌ಸ್ಟ್ರಿಪ್ ಆಗಿರಲಿಲ್ಲ, ಖಾಯಂ ಟ್ರ್ಯಾಕೇ ಆಗಿತ್ತು, ಆದರೂ ಉಳಿಯಲಿಲ್ಲವಲ್ಲ? ಉತ್ತರ ಅದರ ಜಮೀನಿನ ಕರಾರಿನಲ್ಲಿದೆ. ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ದೊಡ್ಡದೊಂದು ಉಪನಗರ ಕಟ್ಟಲೆಂದು ಹಂಚಿಕೊಟ್ಟ ಜಮೀನಿನ ಒಂದು ಭಾಗ ಅದು. ಮನೆ, ನಿವೇಶನಗಳ ಮಾರಾಟದಿಂದ ಬರುವ ಹಣದ ಮೇಲೆ ಟ್ರ್ಯಾಕಿನ ಲೆಕ್ಕ ನಿಂತಿತ್ತು. ಅದೇ ಎಕ್ಸ್‌ಪ್ರೆಸ್‌ವೇ ಪ್ರದೇಶದ ಭಟ್ಟಾ-ಪಾರ್ಸೌಲ್‌ನಲ್ಲಿ 2011ರ ಮೇ ತಿಂಗಳಲ್ಲಿ ಭೂಸ್ವಾಧೀನದ ವಿರುದ್ಧ ರೈತರ ಹೋರಾಟ ಪ್ರಾಣಹಾನಿಯವರೆಗೂ ಹೋಗಿತ್ತು. ರಿಯಲ್ ಎಸ್ಟೇಟ್ ಕುಸಿದು ಕಂತು ಬಾಕಿಯಾದಾಗ ಪ್ರಾಧಿಕಾರ 2020ರಲ್ಲಿ ಹಂಚಿಕೆಯನ್ನೇ ರದ್ದುಮಾಡಿತು; 2025ರಲ್ಲಿ ಅಲಹಾಬಾದ್ ಹೈಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ಹಾದಿ ಖಾಯಂ ಆಗಿತ್ತು, ಹಕ್ಕು ಖಾಯಂ ಆಗಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಇಲ್ಲಿ ನಡೆದ ಮೋಟೊ ಜಿಪಿಯನ್ನು ಇಟಲಿಯ ಮಾರ್ಕೊ ಬೆಜ್ಜೆಕಿ ಗೆದ್ದರು. ಅದೂ ಮರುವರ್ಷ ಬರಲಿಲ್ಲ.

ಬೀದಿ ಟ್ರ್ಯಾಕ್‌ಗಳು

2022ರಿಂದ ಈಚೆಗೆ ಒತ್ತು ಬೀದಿ ಟ್ರ್ಯಾಕ್‌ಗಳ ಕಡೆ ಸರಿದಿದೆ. ಜಮೀನು ಕೊಳ್ಳಬೇಕಿಲ್ಲ, ಜನ ಇದ್ದಲ್ಲಿಗೇ ರೇಸ್ ಬರುತ್ತದೆ ಎಂಬುದು ಇದರ ಪರವಾದ ವಾದ. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರವರಿ 11ರಂದು ಫಾರ್ಮುಲಾ ಇ ನಡೆದು ಫ್ರಾನ್ಸಿನ ಜ್ಯಾಂ-ಎರಿಕ್ ವೆರ್ನ್ ಗೆದ್ದರು. ವರ್ಷಾಂತ್ಯದ ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲೆ 2024ರ ರೇಸ್ ರದ್ದಾಯಿತು. ಚೆನ್ನೈನ ಐಲ್ಯಾಂಡ್ ಮೈದಾನದ ಸುತ್ತಲ ರೇಸ್ 2023ರ ಡಿಸೆಂಬರಿನ ಚಂಡಮಾರುತದಿಂದ ಮುಂದೂಡಿ, 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ರಾತ್ರಿ ದೀಪಗಳ ಕೆಳಗೆ ನಡೆಯಿತು. ಮೊನಾಕೊ, ಸಿಂಗಪುರಗಳು ಬೀದಿಯಲ್ಲೇ ಗ್ರ್ಯಾನ್ ಪ್ರಿ ನಡೆಸುತ್ತಿಲ್ಲವೇ ಎಂದು ಕೇಳಬಹುದು. ನಡೆಸುತ್ತಿವೆ, ಅಲ್ಲಿ ರಸ್ತೆ ಮುಚ್ಚುವ ಒಪ್ಪಿಗೆ ಹಲವು ವರ್ಷಗಳ ಕರಾರಾಗಿ ಬರುತ್ತದೆ, ಆಳುವವರ ಬದಲಾವಣೆಯೊಂದಿಗೆ ಬೀಳುವುದಿಲ್ಲ. ಹೈದರಾಬಾದಿಗೆ ಅಂಥ ಭದ್ರತೆ ಸಿಗಲಿಲ್ಲ. ಬೀದಿ ಟ್ರ್ಯಾಕ್ ನೆಲದ ಸಮಸ್ಯೆಯನ್ನು ಬಿಡಿಸುವುದಿಲ್ಲ. ಒಡೆತನದ ಪ್ರಶ್ನೆಯನ್ನು ವರ್ಷ ವರ್ಷದ ಅನುಮತಿಯ ಪ್ರಶ್ನೆಯಾಗಿ ಮಾಡುತ್ತದೆ.

ಥಾಣೆ–ನವಿಮುಂಬಯಿ ಪ್ರದೇಶ

ಈ ಪ್ರದೇಶದಲ್ಲಿ ನೆಲದ ಇತಿಹಾಸ ಬಹಳ ತೀಕ್ಷ್ಣವಾದದ್ದು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆಗೆ ನವಿಮುಂಬಯಿ ಕಟ್ಟಲು 95 ಹಳ್ಳಿಗಳ 344 ಚದರ ಕಿಲೋಮೀಟರ್ ಪ್ರದೇಶ ಗುರುತಾಯಿತು. ಜಮೀನು ಕಳೆದುಕೊಂಡ ಆಗ್ರಿ, ಕೋಳಿ ರೈತ–ಮೀನುಗಾರರು ದಿ.ಬಾ. ಪಾಟೀಲರ ನಾಯಕತ್ವದಲ್ಲಿ ಹೋರಾಡಿದರು. 1984ರ ಜನವರಿಯಲ್ಲಿ ಉರಣ್ ಭಾಗದಲ್ಲಿ ನಡೆದ ಗೋಲಿಬಾರಿನಲ್ಲಿ ಐವರು ಮಡಿದರು. ಸ್ವಾಧೀನವಾದ ಜಮೀನಿನ ಶೇ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ಒಡೆಯರಿಗೆ ಮರಳಿಸುವ ಯೋಜನೆ ಈ ಹೋರಾಟದ ಫಲ. ಇಂಥ ಕಡೆ ನೂರಾರು ಎಕರೆಯನ್ನು ರೇಸಿಗೆ ಮೀಸಲಿಡುವ ಮಾತು ಸುಲಭವಲ್ಲ, ನ್ಯಾಯವೂ ಅಲ್ಲ ಎಂಬ ಆಕ್ಷೇಪಕ್ಕೆ ನಿಜವಾದ ತೂಕವಿದೆ. ಉಳಿದ ಖಾಲಿ ಜಾಗದಲ್ಲಿ ಬಹುಪಾಲು ಖಾರಿಯ ಅಂಚಿನ ಕಾಂಡ್ಲಾ ಕಾಡು, ಯೇವೂರಿನ ಅರಣ್ಯ, ಪಾರ್ಸಿಕ್ ಗುಡ್ಡ. ಕಾಂಡ್ಲಾ ನಾಶವನ್ನು ಬಾಂಬೆ ಹೈಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ. ಹೀಗಾಗಿ ಇಲ್ಲಿನ ಮೋಟಾರು ಕ್ರೀಡೆ ಸ್ಥಾವರವಿಲ್ಲದ ರೂಪಗಳಲ್ಲೇ ಬೆಳೆಯಿತು. ಮಳೆಗಾಲದ ಸ್ಕೂಟರ್ ರ‍್ಯಾಲಿ ಅವುಗಳಲ್ಲಿ ಪ್ರಸಿದ್ಧ.

ಕ್ರಿಕೆಟ್ಟೇ ಎಲ್ಲವನ್ನೂ ನುಂಗಿತು ಎಂಬ ವಾದವನ್ನು ಪರೀಕ್ಷಿಸಲು ನೆರೂಳ್ ತಕ್ಕ ಜಾಗ. ಇಲ್ಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2008ರ ಜೂನ್ 1ರಂದು ಮೊದಲ ಐಪಿಎಲ್ ಫೈನಲ್ ನಡೆಯಿತು. 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ವಿಶ್ವಕಪ್ ಗೆದ್ದದ್ದೂ ಇಲ್ಲೇ. ಆದರೆ ಅದೇ ಕ್ರೀಡಾಂಗಣ ಫುಟ್‌ಬಾಲಿನ ದೊಡ್ಡ ಪಂದ್ಯಗಳಿಗೂ ನೆಲೆಯಾಗಿದೆ. ಒಂದು ಸಂಸ್ಥೆಯ ಸ್ವಂತ ಕ್ರೀಡಾಂಗಣ ಇದ್ದದ್ದರಿಂದ ಬೇರೆ ಆಟಕ್ಕೂ ಜಾಗ ಸಿಕ್ಕಿತು. ಕ್ರಿಕೆಟ್ಟಿನ ಜನಪ್ರಿಯತೆ ಪಕ್ಕದ ಆಟವನ್ನು ಕೊಲ್ಲಲಿಲ್ಲ.

2025ರಲ್ಲಿ ರೇಸಿಂಗ್ ಪ್ರಮೋಷನ್ಸ್ ಸಂಸ್ಥೆ ಮತ್ತು ನವಿಮುಂಬಯಿ ಮಹಾನಗರಪಾಲಿಕೆಯ ನಡುವೆ ಒಪ್ಪಂದವಾಗಿ, ಡಿಸೆಂಬರಿಗೆಂದು ಬೀದಿ ರೇಸ್ ಪ್ರಕಟವಾಯಿತು. ಪಾಮ್ ಬೀಚ್ ರಸ್ತೆಯಿಂದ ಹೊರಟು ನೆರೂಳ್ ಕೆರೆಯನ್ನು ಬಳಸುವ ಈ ಹಾದಿಯ ಉದ್ದ 3.753 ಕಿಲೋಮೀಟರ್, 14 ತಿರುವುಗಳು. ವಾಶಿ–ಬೇಲಾಪುರದ ಕನ್ನಡಿಗರು ದಿನವೂ ಓಡಾಡುವ ಈ ರಸ್ತೆ ನೇರ ಮತ್ತು ಅಗಲವಾಗಿದ್ದು, ವೇಗದ ಅಪಘಾತಗಳಿಗೂ ಹೆಸರಾದದ್ದು. ರೇಸ್ ಯುವಕರನ್ನು ಇನ್ನಷ್ಟು ವೇಗಕ್ಕೆ ಎಳೆಯುತ್ತದೆ ಎಂಬ ಆತಂಕ ಸಹಜ. ಆದರೆ ವೇಗದ ಆಸೆಯನ್ನು ಹೆಲ್ಮೆಟ್, ತಡೆಗೋಡೆ, ವೈದ್ಯರು ಮತ್ತು ನಿಯಮಗಳಿರುವ ಜಾಗಕ್ಕೆ ಕರೆದೊಯ್ಯುವುದು ಖಾಯಂ ಟ್ರ್ಯಾಕಿನಿಂದ ಮಾತ್ರ ಸಾಧ್ಯ. ಎರಡು ದಿನದ ರೇಸ್ ಮುಗಿದ ಮೇಲೆ ಬೀದಿ ಮತ್ತೆ ಬೀದಿಯೇ.

ಈಗಿನ ಸ್ಥಿತಿ

ಫಾರ್ಮುಲಾ ಒನ್ ಪಂಚಾಂಗದಲ್ಲಿ ಭಾರತ 2013ರ ನಂತರ ಇಲ್ಲ. ಜೇಪೀ ಸಮೂಹದ ಪ್ರಧಾನ ಕಂಪನಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಅಂತರರಾಷ್ಟ್ರೀಯ ಮಾನ್ಯತೆಯ ಫಾರ್ಮುಲಾ 4 ಇಂಡಿಯನ್ ಚಾಂಪಿಯನ್‌ಷಿಪ್ 2023ರಲ್ಲಿ ಶುರುವಾಗಿ, ಬೀದಿ ಟ್ರ್ಯಾಕ್ ಸಿಗದಾಗಲೆಲ್ಲ ಇರುಂಗಾಟುಕೋಟೈ ಮತ್ತು ಕೊಯಮತ್ತೂರನ್ನೇ ನೆಚ್ಚಿಕೊಂಡಿದೆ. ದೇಶದ ಪಶ್ಚಿಮ ಕರಾವಳಿಯಲ್ಲಿ, ಮುಂಬಯಿಯಿಂದ ಮಂಗಳೂರಿನವರೆಗೆ, ಗ್ರ್ಯಾನ್ ಪ್ರಿ ದರ್ಜೆಯ ಒಂದೂ ಖಾಯಂ ಟ್ರ್ಯಾಕ್ ಇಲ್ಲ.